ಬಂಗಡೆ ತಿಂದು ಮುಖ ಕೆಂಪಾದ ಮನೆ: ಶಿರಸಿಯ ಒಂದು ಪ್ರಕರಣ

ಶಿರಸಿಯಲ್ಲಿ ಒಂದು ಮನೆ. ಏಪ್ರಿಲ್ ತಿಂಗಳ ಒಂದು ಶನಿವಾರ. ರಾತ್ರಿ ಊಟಕ್ಕೆ ಬಂಗಡೆ ಸಾರು, ಬಂಗಡೆ ರವಾ ಫ್ರೈ. ಊಟಕ್ಕೆ ಕೂತವರು ಆರು ಜನ. ಕೈ ತೊಳೆದು ಅರ್ಧ ಗಂಟೆ ಆಗುವಷ್ಟರಲ್ಲಿ ಅದರಲ್ಲಿ ನಾಲ್ವರ ಮುಖ ಕೆಂಪೇರಿತು. ಕತ್ತು, ಎದೆಯ ಮೇಲ್ಭಾಗ ಎಲ್ಲ ಬಿಸಿ ಬಿಸಿ. ತಲೆ ಸಿಡಿಯುವ ನೋವು, ಎದೆ ಡವಡವ. ಒಬ್ಬರಿಗೆ ವಾಂತಿ, ಇನ್ನೊಬ್ಬರಿಗೆ ಮೈಯೆಲ್ಲ ತುರಿಕೆ. ಉಳಿದಿಬ್ಬರಿಗೆ ಏನೂ ಆಗಲಿಲ್ಲ.

ಆ ಮನೆ ನನ್ನ ಅಕ್ಕನದು. ನಾನು ಔಷಧಿ ಅಂಗಡಿ ನಡೆಸುವವನು, ಹಾಗಾಗಿ ಮೊದಲ ಫೋನು ಬಂದಿದ್ದು ನನಗೇ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಬರೆಯೋದಕ್ಕೆ ಕಾರಣ ಏನಪ್ಪಾ ಅಂದರೆ, ಬ್ಯಾಕ್ಟೀರಿಯಾ ಬಗ್ಗೆ ನಮ್ಮ ಕಡೆ ಓಡಾಡುವ ಹೆಚ್ಚುಕಮ್ಮಿ ಎಲ್ಲ ತಪ್ಪು ತಿಳಿವಳಿಕೆಗಳೂ ಆ ರಾತ್ರಿ ಒಂದೇ ಗಂಟೆಯೊಳಗೆ ಹೊರಗೆ ಬಂದವು. ನೋಡಿದರೆ ಬೇರೆ ಬೇರೆ, ಬುಡ ಒಂದೇ. ಬ್ಯಾಕ್ಟೀರಿಯಾ ಅಂದರೆ ಕೊಲ್ಲಬೇಕಾದ ಹುಳ, ಕೊಂದರೆ ಕೆಲಸ ಮುಗೀತು ಅನ್ನುವ ನಂಬಿಕೆ.

ಮೀನು ಬಂದ ದಾರಿ

ಭಾವ ಕೆಲಸ ಮಾಡುವುದು ಕಾರವಾರದಲ್ಲಿ. ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಘಟ್ಟ ಹತ್ತಿ ಶಿರಸಿ ಮುಟ್ಟುವ ಹೊತ್ತಿಗೆ ಮೀನು ಹಳತಾಗಿರುತ್ತದೆ ಅಂತ ಅವರ ಲೆಕ್ಕ. ಅದಕ್ಕೇ ಕಾರವಾರದಿಂದ ತಾವೇ ತರುವುದು. (ಅವರ ಕಾರೂ ಅದೇ ಘಟ್ಟ ಹತ್ತಬೇಕು ಅನ್ನುವುದು ಆ ಲೆಕ್ಕದಲ್ಲಿ ಇರಲಿಲ್ಲ.) ಆ ದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಮೀನುಪೇಟೆಯಲ್ಲಿ ಬಂಗಡೆ ತಗೊಂಡರು. ಬೈತಖೋಲ ಬಂದರಿನ ಮಾಲು. ಮೀನು ಮಾರುವವಳು ಕಿವಿರು ಎತ್ತಿ ತೋರಿಸಿದ್ದಳು, ಕೆಂಪಗಿತ್ತು. ಕಣ್ಣು ಉಬ್ಬಿಕೊಂಡು ಹೊಳೆಯುತ್ತಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯುತ್ತಿರಲಿಲ್ಲ. ‘ಘಟ್ಟದ ಮೇಲೆ ಒಯ್ತೀರಾ? ಐಸ್ ಜಾಸ್ತಿ ಹಾಕ್ಸಿಕೊಳ್ಳಿ ಸರ್’ ಅಂತ ಅವಳೇ ಹೇಳಿದಳಂತೆ. ನೀರು ಸೋರಿ ಡಿಕ್ಕಿ ನಾರುತ್ತದೆ ಅಂತ ಭಾವ ಒಂದು ಮುಷ್ಟಿ ಸಾಕು ಅಂದರು.

ಅಲ್ಲಿಂದ ಅಂಕೋಲೆ. ಅಲ್ಲೊಂದು ಮದುವೆ ಊಟ. ಕಾರು ಬಯಲಲ್ಲಿ, ಬಿಸಿಲಿಗೆ. ಏಪ್ರಿಲ್ ಮಧ್ಯಾಹ್ನ ಕರಾವಳಿಯಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದವರಿಗೆ ಒಳಗಿನ ಕಾವು ಎಷ್ಟಿರುತ್ತದೆ ಅಂತ ಗೊತ್ತು. ಆಮೇಲೆ ಕುಮಟಾ, ದೇವಿಮನೆ ಘಟ್ಟ, ಶಿರಸಿ. ಮನೆ ಮುಟ್ಟಿದಾಗ ಸಂಜೆ ಐದು. ಚೀಲದಲ್ಲಿ ಐಸ್ ಇರಲಿಲ್ಲ, ಉಗುರುಬೆಚ್ಚಗಿನ ಕೆಂಪು ನೀರಿತ್ತು. ಅಕ್ಕ ಮೀನು ತೊಳೆದು, ಕೊಯ್ದು, ಉಪ್ಪು, ಅರಿಶಿನ, ಲಿಂಬೆಹುಳಿ ಸವರಿ, ಮಸಾಲೆ ಚೆನ್ನಾಗಿ ಹಿಡಿಯಲಿ ಅಂತ ಅಡುಗೆ ಕಟ್ಟೆಯ ಮೇಲೇ ಇಟ್ಟಳು. ಒಲೆಗೆ ಹೋಗಿದ್ದು ರಾತ್ರಿ ಎಂಟಕ್ಕೆ.

ಒಟ್ಟು ಹತ್ತು ಗಂಟೆ. ಇಡೀ ಪ್ರಕರಣ ಈ ಹತ್ತು ಗಂಟೆಯೊಳಗೇ ಇದೆ. ಆದರೆ ಆ ರಾತ್ರಿ ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ.

ಊಟದ ಮನೆಯಲ್ಲಿ

ಮೊದಲ ಸುಳಿವು ಬಾಯಲ್ಲೇ ಸಿಕ್ಕಿತ್ತು. ಎರಡನೇ ತುಂಡಿಗೆ ಕೈ ಹಾಕುವಾಗ ಭಾವ ‘ಬಾಯಿ ಚುರುಚುರು ಅಂತದೆ, ಎಂತ ಹಾಕಿದ್ದಿ?’ ಅಂದರಂತೆ. ಸಾರಿಗೆ ಅಕ್ಕ ಜುಮ್ಮನಕಾಯಿ ಹಾಕಿದ್ದಳು. ಬಂಗಡೆ ಸಾರಿಗೆ ಅದಿಲ್ಲದಿದ್ದರೆ ನಮ್ಮ ಕಡೆ ರುಚಿಯೇ ಇಲ್ಲ, ಮತ್ತೆ ಜುಮ್ಮನಕಾಯಿ ಕಚ್ಚಿದರೆ ನಾಲಿಗೆ ಜುಮ್ ಅನ್ನುವುದು ಸಹಜ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಭಾವನ ತಮ್ಮ ತಿಂದಿದ್ದು ಬರೀ ಫ್ರೈ. ಫ್ರೈಗೆ ಜುಮ್ಮನಕಾಯಿ ಹಾಕಿರಲಿಲ್ಲ. ಅವನಿಗೂ ನಾಲಿಗೆ ಉರಿ, ತುಟಿಯ ಸುತ್ತ ಜುಮುಜುಮು.

ಯಾರು ಏನು ತಿಂದರು ಅಂತ ನಾನು ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಮೀನು ದೊಡ್ಡದಿತ್ತು, ತಲೆಯ ಕಡೆ ಒಂದು, ಬಾಲದ ಕಡೆ ಒಂದು ಅಂತ ಎರಡೆರಡು ತುಂಡು ಮಾಡಿದ್ದರು. ಭಾವ, ಅವರ ತಮ್ಮ, ಹತ್ತನೇ ಕ್ಲಾಸಿನ ಮಗ, ಮೂವರೂ ತಲೆಯ ಕಡೆಯ ತುಂಡುಗಳನ್ನೇ ತಿಂದಿದ್ದರು. ಭಾವನ ತಾಯಿ, ಅಂದರೆ ನಾವು ಅತ್ತೆ ಅನ್ನುವವರು, ತಿಂದಿದ್ದು ತಲೆಯ ಕಡೆಯ ಒಂದೇ ಒಂದು ತುಂಡು. ಚಿಕ್ಕ ಮಗಳಿಗೆ ಗರಿಗರಿ ಬಾಲವೇ ಇಷ್ಟ. ಅಕ್ಕ ಕೊನೆಗೆ ಉಂಡವಳು, ಅವಳ ಪಾಲಿಗೂ ಉಳಿದಿದ್ದು ಬಾಲ. ಮನೆಯ ಹೆಂಗಸಿಗೆ ಯಾವಾಗಲೂ ಉಳಿಯುವುದು ಅದೇ ಅಲ್ವಾ, ಆ ದಿನ ಅದರಿಂದ ಒಳ್ಳೆಯದಾಯಿತು. ಹುಷಾರಾಗಿದ್ದವರು ಅಕ್ಕ ಮತ್ತು ಮಗಳು ಇಬ್ಬರೇ.

ಎಲ್ಲರಿಗಿಂತ ಜಾಸ್ತಿ ಕಷ್ಟಪಟ್ಟವರು ಅತ್ತೆ. ತಿಂದಿದ್ದು ಎಲ್ಲರಿಗಿಂತ ಕಮ್ಮಿ. ಇದು ನನಗೆ ಆಸ್ಪತ್ರೆಗೆ ಹೋಗುವವರೆಗೂ ಬಿಡಿಸಲಾಗದ ಗಂಟಾಗಿತ್ತು.

ನಾಲ್ಕು ಬಾಯಿ, ನಾಲ್ಕು ಕಾರಣ

ಫೋನಿನಲ್ಲಿ ಅಕ್ಕನ ಹಿಂದೆ ಎಲ್ಲರ ದನಿಯೂ ಕೇಳುತ್ತಿತ್ತು. ಅತ್ತೆ: ‘ಮೀನು ತಿಂದು ಮಜ್ಜಿಗೆ ಕುಡಿಬೇಡಿ ಅಂದ್ರೆ ಕೇಳೂದಿಲ್ಲ.’ ಭಾವನ ತಮ್ಮ: ‘ಫಾರ್ಮಲಿನ್ ಹೊಡ್ದಿರ್ತಾರೆ, ನೂರಕ್ಕೆ ನೂರು.’ ಪಕ್ಕದ ಮನೆಯವರು ಬಂದು ಇದು ಅಲರ್ಜಿ ಅಂದರು. ಭಾವ ಮಾತ್ರ ಬ್ಯಾಕ್ಟೀರಿಯಾ ಅಂದರು, ಆದರೆ ಅಕ್ಕ ಸರಿಯಾಗಿ ಹುರಿದಿಲ್ಲ ಅನ್ನುವ ಅರ್ಥದಲ್ಲಿ. ಅಕ್ಕನಿಗೆ ಸಿಟ್ಟು ಬಂತು. ರವೆ ಕಂದು ಬಣ್ಣ ಬರುವವರೆಗೆ ಹುರಿದ ಮೀನು ಹಸಿ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

‘ಏ ತಮ್ಮಾ, ಹೋದ ಸಲ ಕೆಮ್ಮಿಗೆ ತಂದ ಅಜಿತ್ರೋಮೈಸಿನ್ ಎರಡು ಉಳ್ದದೆ, ಕೊಡ್ಲಾ?’ ಅಂತ ಅವಳು ಕೇಳಿದಳು. ಅದು ಆಂಟಿಬಯಾಟಿಕ್. ಬೇಡ ಅಂದೆ. ಯಾರಿಗಾದರೂ ಉಸಿರಾಟಕ್ಕೆ ತೊಂದರೆ ಇದೆಯಾ, ತುಟಿ ನಾಲಿಗೆ ಊದಿದೆಯಾ, ತಲೆ ತಿರುಗುತ್ತಾ ಅಂತ ಕೇಳಿದೆ. ಅತ್ತೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಅಂದಳು. ಹಾಗಿದ್ದರೆ ಮಾತು ಬೇಡ, ನಾಲ್ವರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಬನ್ನಿ, ನಾನೂ ಅಲ್ಲಿಗೇ ಬರುತ್ತೇನೆ ಅಂದೆ.

ಮಜ್ಜಿಗೆಯ ವಿಷಯ ಮೊದಲು ಮುಗಿಸಿಬಿಡೋಣ. ಹುಷಾರಿಲ್ಲದ ಮಗ ಮಜ್ಜಿಗೆ ಮುಟ್ಟಿರಲಿಲ್ಲ, ಅವನಿಗೆ ಮಜ್ಜಿಗೆ ಸೇರುವುದೇ ಇಲ್ಲ. ಏನೂ ಆಗದ ಅಕ್ಕ ಎರಡು ಲೋಟ ಕುಡಿದಿದ್ದಳು. ಅಷ್ಟಕ್ಕೇ ಆ ವಾದ ಬಿತ್ತು. ಬಂಗಾಳದಲ್ಲಿ ಮೊಸರಲ್ಲೇ ಮೀನು ಬೇಯಿಸಿ ತಿನ್ನುತ್ತಾರೆ, ಅವರ ಮುಖವೇನೂ ಕೆಂಪಾಗುವುದಿಲ್ಲ. ಇನ್ನೊಂದು ತಮಾಷೆ ನೋಡಿ, ಹಾಲನ್ನು ಮೊಸರು ಮಾಡುವುದೇ ಬ್ಯಾಕ್ಟೀರಿಯಾ. ದೋಸೆಹಿಟ್ಟು ಉಬ್ಬುವುದರಲ್ಲೂ ಅವುಗಳ ಪಾಲಿದೆ. ನಮ್ಮ ಅಡುಗೆಮನೆ ನಡೆಯುವುದೇ ಅವುಗಳಿಂದ, ಆದರೂ ಆ ಹೆಸರು ಕೇಳಿದರೆ ಸಾಕು, ನಾವು ಸ್ಯಾನಿಟೈಸರ್ ಹುಡುಕುತ್ತೇವೆ.

ಮೀನು ಕೆಡದ ಹಾಗೆ ಕೆಲವರು ಹಾಕುವ ಫಾರ್ಮಲಿನ್ ಅನ್ನುವ ರಾಸಾಯನಿಕದ ಭಯ ಸುಮ್ನೆ ಹುಟ್ಟಿದ್ದಲ್ಲ. 2018ರಲ್ಲಿ ಗೋವಾದಲ್ಲಿ ಆ ಗಲಾಟೆ ಎದ್ದು, ಅಲ್ಲಿನ ಸರ್ಕಾರ ಹೊರಗಿನ ಮೀನನ್ನೇ ತಡೆದಾಗ ಕಾರವಾರದ ಮೀನು ವ್ಯಾಪಾರಕ್ಕೂ ಪೆಟ್ಟು ಬಿದ್ದಿತ್ತು. ಫಾರ್ಮಲಿನ್ ಹಾಕಿದ ಮೀನು ತಿನ್ನಬಾರದು, ಅದರಲ್ಲಿ ಎರಡು ಮಾತಿಲ್ಲ. ಅನುಮಾನ ಇದ್ದರೆ ನೋಡೋದಕ್ಕೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿಯ ಕಿಟ್ ಇದೆ. ಆದರೆ ಫಾರ್ಮಲಿನ್ ಹೊಟ್ಟೆಗೆ ಹೋದರೆ ಬಾಯಿ, ಗಂಟಲು, ಹೊಟ್ಟೆ ಸುಡುತ್ತದೆ. ಹೀಗೆ ನಾಲ್ಕು ಜನರ ಮುಖ ಒಟ್ಟಿಗೆ ಕೆಂಪಾಗಿ ಎದೆ ಬಡಿದುಕೊಳ್ಳುವುದು ಅದರ ಲಕ್ಷಣ ಅಲ್ಲ. ಅಲ್ಲದೆ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವ ವಸ್ತು. ಇಲ್ಲಿ ನಡೆದಿದ್ದು ಉಲ್ಟಾ, ಬ್ಯಾಕ್ಟೀರಿಯಾಗಳಿಗೆ ಹತ್ತು ಗಂಟೆ ಹಬ್ಬ ಸಿಕ್ಕಿತ್ತು.

ಡಾಕ್ಟರ್ ಕೇಳಿದ ಪ್ರಶ್ನೆ

ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವರು, ಕರಾವಳಿ ಕಡೆಯವರೇ. ನಾಲ್ವರ ನಾಡಿ, ಬಿಪಿ, ಆಕ್ಸಿಜನ್ ನೋಡುತ್ತಾ ಕೇಳಿದ್ದು ಮೂರೇ ಪ್ರಶ್ನೆ. ಯಾವ ಮೀನು? ಎಷ್ಟು ಹೊತ್ತಿಗೆ ತಂದಿದ್ದು? ಐಸ್‌ನಲ್ಲಿತ್ತಾ?

ಭಾವ ಉತ್ತರ ಹೇಳುತ್ತಿದ್ದ ಹಾಗೇ ಅವರ ಮುಖದಲ್ಲಿ ಗೊತ್ತಾಯಿತು. ಆಮೇಲೆ ಅತ್ತೆಯ ಕಡೆ ತಿರುಗಿ, ‘ಅಮ್ಮಾ, ದಿನಾ ಯಾವುದಾದರೂ ಮಾತ್ರೆ ತಗೊಳ್ತೀರಾ?’ ಅಂದರು. ಅತ್ತೆ ಇಲ್ಲ ಅಂದರು. ಅಕ್ಕ ಅತ್ತೆಯ ಮುಖ ನೋಡಿದಳು, ಅತ್ತೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಅಕ್ಕನೇ, ‘ಟಿಬಿ ಮಾತ್ರೆ ನಡೀತಾ ಇದೆ ಡಾಕ್ಟ್ರೇ, ಎರಡನೇ ತಿಂಗಳು’ ಅಂದಳು. ನನಗೂ ಅದು ಹೊಸ ಸುದ್ದಿ. ಮಾತ್ರೆ ಸರ್ಕಾರಿ ಆಸ್ಪತ್ರೆಯಿಂದ ಪುಕ್ಕಟೆ ಬರುತ್ತಿತ್ತು, ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ.

ಡಾಕ್ಟರ್ ತಲೆ ಆಡಿಸಿದರು. ನಾಲ್ವರಿಗೂ ಆಂಟಿಹಿಸ್ಟಮಿನ್ ಇಂಜೆಕ್ಷನ್. ಅತ್ತೆಯ ಬಿಪಿ ಕೆಳಗಿತ್ತು, ಅವರಿಗೆ ಸಲೈನ್ ಏರಿಸಿದರು, ಉಸಿರಾಟ ಕೆಟ್ಟರೆ ಬೇಕಾಗುತ್ತದೆ ಅಂತ ಅಡ್ರಿನಾಲಿನ್ ಪಕ್ಕದಲ್ಲೇ ಇಟ್ಟುಕೊಂಡರು. ಅದು ಬೇಕಾಗಲಿಲ್ಲ. ಗಂಡಸರ ಮುಖದ ಕೆಂಪು ಸುಮಾರು ಒಂದು ಗಂಟೆಯಲ್ಲಿ ಇಳಿಯಿತು. ಅತ್ತೆಯನ್ನು ಬೆಳಗಿನವರೆಗೆ ಇಟ್ಟುಕೊಂಡು ಕಳಿಸಿದರು. ಯಾರಿಗೂ ಆಂಟಿಬಯಾಟಿಕ್ ಬರೆಯಲಿಲ್ಲ. ಭಾವನಿಗೆ ಇದು ಸಮಾಧಾನ ಆಗಲಿಲ್ಲ, ‘ಬ್ಯಾಕ್ಟೀರಿಯಾ ಅಂತೀರಿ, ಅದಕ್ಕೆ ಔಷಧಿಯೇ ಕೊಡೂದಿಲ್ಲ ಅಂತೀರಿ!’ ಅಂತ ನನ್ನ ಹತ್ತಿರ ಗೊಣಗಿದರು.

ಮೀನಿನ ತುಂಡನ್ನು ಲ್ಯಾಬಿಗೆ ಕಳಿಸಲು ಆಗಲಿಲ್ಲ, ಪಾತ್ರೆ ಆಗಲೇ ತೊಳೆದಾಗಿತ್ತು. ರೋಗ ಯಾವುದು ಅಂತ ತೀರ್ಮಾನ ಮಾಡಿದ್ದು ಲಕ್ಷಣ, ಹೊತ್ತು, ಮೀನಿನ ಜಾತಿ, ಅದು ಬಂದ ದಾರಿ, ಔಷಧಿಗೆ ಇಳಿದ ವೇಗ, ಇಷ್ಟನ್ನು ಕೂಡಿಸಿ. ಸಾಮಾನ್ಯವಾಗಿ ಈ ರೋಗವನ್ನು ಗುರುತು ಹಿಡಿಯುವುದೂ ಹಾಗೆಯೇ.

ಹಾಗಾದರೆ ಆಗಿದ್ದೇನು

ಇದರ ಹೆಸರು ಸ್ಕಾಂಬ್ರಾಯ್ಡ್ ವಿಷಬಾಧೆ, ಹಿಸ್ಟಮಿನ್ ವಿಷಬಾಧೆ ಅಂತಲೂ ಹೇಳುತ್ತಾರೆ. ಬಂಗಡೆ, ಇಸ್ವಣ, ಟ್ಯೂನಾ ಸೇರಿದ ಮೀನಿನ ಕುಟುಂಬದ ಹೆಸರು ಸ್ಕಾಂಬ್ರಿಡೇ, ಅದರಿಂದ ಬಂದ ಹೆಸರು. ಆ ಕುಟುಂಬಕ್ಕೆ ಸೇರದ ತಾರ್ಲೆಯಲ್ಲೂ ಇದು ಆಗುತ್ತದೆ. ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಅನ್ನುವ ಅಮೈನೋ ಆಮ್ಲ ಜಾಸ್ತಿ. ಅದರಿಂದ ನಮಗೇನೂ ತೊಂದರೆ ಇಲ್ಲ.

ತೊಂದರೆ ಶುರುವಾಗುವುದು ಮೀನು ಸತ್ತ ಮೇಲೆ. ಕಿವಿರಿನಲ್ಲಿ, ಕರುಳಿನಲ್ಲಿ ಬ್ಯಾಕ್ಟೀರಿಯಾ ಮೊದಲೇ ಇರುತ್ತವೆ. ಜೀವ ಇರುವವರೆಗೆ ಮೀನಿನ ದೇಹ ಅವುಗಳನ್ನು ಅಲ್ಲೇ ತಡೆದಿರುತ್ತದೆ. ಸತ್ತಮೇಲೆ ತಡೆಯುವವರು ಯಾರೂ ಇಲ್ಲ, ಅವು ಮಾಂಸಕ್ಕೆ ಇಳಿಯುತ್ತವೆ. ಅವುಗಳಲ್ಲಿ ಕೆಲವಕ್ಕೆ, ಉದಾಹರಣೆಗೆ ಮಾರ್ಗನೆಲ್ಲಾ ಮಾರ್ಗನಿ ಅನ್ನುವುದಕ್ಕೆ, ಹಿಸ್ಟಿಡೀನನ್ನು ಹಿಸ್ಟಮಿನ್ ಆಗಿ ಬದಲಾಯಿಸುವ ಕಿಣ್ವ ಇದೆ. ತಂಪಿದ್ದರೆ ಈ ಕೆಲಸ ತೀರಾ ನಿಧಾನ. ಬೆಚ್ಚಗಾದರೆ ಜೋರು. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಹಾಗೆ ಲೆಕ್ಕ ಹಾಕಿದರೆ ಒಂದಿದ್ದದ್ದು ಏಳು ಗಂಟೆಯಲ್ಲಿ 20 ಲಕ್ಷ. ಅಂಕೋಲೆಯ ಬಿಸಿಲಲ್ಲಿ ನಿಂತ ಡಿಕ್ಕಿಗಿಂತ ಒಳ್ಳೆ ಅನುಕೂಲ ಇನ್ನೇನು ಬೇಕು ಹೇಳಿ.

ಹಿಸ್ಟಮಿನ್ ಅಂದರೆ ನಮ್ಮ ದೇಹವೂ ಅಲರ್ಜಿಯ ಹೊತ್ತಿಗೆ ಬಿಡುವ ಅದೇ ರಾಸಾಯನಿಕ. ಅದು ಹೊರಗಿಂದ ಬಂದರೂ ರಕ್ತನಾಳ ಹಿಗ್ಗುತ್ತದೆ, ಮುಖ ಕೆಂಪಾಗುತ್ತದೆ, ಬಿಪಿ ಇಳಿಯುತ್ತದೆ, ಎದೆ ಬಡಿದುಕೊಳ್ಳುತ್ತದೆ. ಲಕ್ಷಣ ಪಕ್ಕಾ ಅಲರ್ಜಿಯ ಹಾಗೇ ಕಾಣುವುದು ಅದಕ್ಕೇ. ಸಾಮಾನ್ಯವಾಗಿ ತಿಂದ ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಶುರು, ಹೆಚ್ಚಿನವರಿಗೆ ಒಂದು ದಿನದೊಳಗೆ ತಾನಾಗಿಯೇ ಇಳಿಯುತ್ತದೆ. ಮೀನಿನಲ್ಲಿ ಹಿಸ್ಟಮಿನ್ ಕೆಜಿಗೆ 200 ಮಿಲಿಗ್ರಾಂ ದಾಟಬಾರದು ಅಂತ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಹೇಳುತ್ತದೆ. ಕೆಟ್ಟ ಮೀನಿನಲ್ಲಿ ಅದು ಸಾವಿರ ದಾಟಿ ಹೋಗುವುದೂ ಇದೆ.

ಕಿವಿರು, ಹೊಟ್ಟೆ ಇರುವುದು ಮುಂದಿನ ಅರ್ಧದಲ್ಲಿ. ಹಿಸ್ಟಮಿನ್ ಜಾಸ್ತಿ ಕಟ್ಟುವುದೂ ಅಲ್ಲೇ. ಬಾಲ ತಿಂದ ಇಬ್ಬರು ಪಾರಾಗಿದ್ದು ಹೀಗೆ. ಒಂದೇ ಬುಟ್ಟಿಯ ಒಂದು ಮೀನಿನಲ್ಲಿ ಸಿಕ್ಕಾಪಟ್ಟೆ ಇದ್ದು ಇನ್ನೊಂದರಲ್ಲಿ ಏನೂ ಇಲ್ಲದಿರಬಹುದು. ‘ನಾನೂ ಅದನ್ನೇ ತಿಂದೆ, ನನಗೇನೂ ಆಗಲಿಲ್ಲ’ ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಹುರಿದರೂ ಯಾಕೆ ಹೋಗಲಿಲ್ಲ

ಅಕ್ಕನ ಹುರಿತದಲ್ಲಿ ದೋಷ ಇರಲಿಲ್ಲ. ಕಾದ ಎಣ್ಣೆಯಲ್ಲಿ ಬ್ಯಾಕ್ಟೀರಿಯಾಗಳು ಸತ್ತವು, ಅನುಮಾನವೇ ಇಲ್ಲ. ಆದರೆ ಅಡುಗೆಭಟ್ಟ ಮನೆಗೆ ಹೋದ ಅಂತ ಅವನು ಮಾಡಿಟ್ಟ ಸಾರು ಪಾತ್ರೆಯಿಂದ ಮಾಯ ಆಗುತ್ತದಾ? ಹಿಸ್ಟಮಿನ್ ಕುದಿಸಿದರೆ ಹೋಗುವುದಿಲ್ಲ, ಹುರಿದರೆ ಹೋಗುವುದಿಲ್ಲ, ಡಬ್ಬಿಯಲ್ಲಿ ಹಾಕಿ ಬೇಯಿಸಿದ ಟ್ಯೂನಾದಲ್ಲೂ ಉಳಿಯುತ್ತದೆ. ಫ್ರೀಜರ್‌ನಲ್ಲಿಟ್ಟರೂ ಅಷ್ಟೇ. ಫ್ರೀಜರ್ ಹೆಚ್ಚಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದೂ ಇಲ್ಲ, ಬೆಳೆಯದ ಹಾಗೆ ನಿಲ್ಲಿಸುತ್ತದೆ ಅಷ್ಟೇ. ಹೊರಗೆ ತೆಗೆದಿಟ್ಟರೆ ಅವು ಮತ್ತೆ ಶುರು.

ಅರಿಶಿನ, ಲಿಂಬೆಹುಳಿ, ಉಪ್ಪು ಸವರಿದರೆ ‘ವಿಷ ಹೋಗುತ್ತದೆ’ ಅನ್ನುವವರಿದ್ದಾರೆ. ರುಚಿಗೆ ಸವರಿ, ಹಸಿವಾಸನೆಗೆ ಸವರಿ. ತಯಾರಾಗಿ ಕೂತ ಹಿಸ್ಟಮಿನ್ ಅದರಿಂದ ಕರಗುವುದಿಲ್ಲ.

ಮತ್ತೆ ವಾಸನೆ. ನಮ್ಮ ಕರಾವಳಿಯವರಿಗೆ ಮೂಗಿನ ಮೇಲೆ ಬಹಳ ನಂಬಿಕೆ, ನನಗೂ ಇದೆ. ಮೂಗು ಹಿಡಿಯುವುದು ಕೊಳೆತ ವಾಸನೆಯನ್ನು. ಅದನ್ನು ಮಾಡುವ ಬ್ಯಾಕ್ಟೀರಿಯಾಗಳ ಗುಂಪು ಬೇರೆ, ಹಿಸ್ಟಮಿನ್ ಮಾಡುವವು ಬೇರೆ. ಹಿಸ್ಟಮಿನ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಾರುವ ಮೀನು ಖಂಡಿತ ಬೇಡ, ಆದರೆ ನಾರದ ಮೀನೆಲ್ಲ ಸರಿ ಇದೆ ಅಂತಲೂ ಅಲ್ಲ. ಅಕ್ಕನ ಮನೆಯಲ್ಲಿ ಮೀನು ಕೊಯ್ಯುವಾಗ ಯಾರಿಗೂ ವಾಸನೆ ಬಂದಿರಲಿಲ್ಲ.

ಮೀನು ತಿನ್ನದವರು ಇದು ನಮಗಲ್ಲ ಅಂದುಕೊಳ್ಳಬೇಡಿ, ಅನ್ನದಲ್ಲೂ ಇದೇ ಆಟ ಇದೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿಯಲ್ಲಿ ಇರುತ್ತದೆ, ಅನ್ನ ಕುದಿದರೂ ಸಾಯುವುದಿಲ್ಲ. ಮಧ್ಯಾಹ್ನದ ಅನ್ನವನ್ನು ರಾತ್ರಿಯವರೆಗೆ ಪಾತ್ರೆಯಲ್ಲೇ ಬೆಚ್ಚಗೆ ಮುಚ್ಚಿಟ್ಟರೆ ಅದು ಮೊಳೆತು, ಬೆಳೆದು, ವಾಂತಿ ಮಾಡಿಸುವ ವಿಷ ಬಿಡುತ್ತದೆ. ಆ ವಿಷ 121 ಡಿಗ್ರಿ ಬಿಸಿಗೂ ಜಗ್ಗುವುದಿಲ್ಲ. ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ ‘ಬಿಸಿ ಮಾಡಿದೀನಲ್ಲ’ ಅಂದರೆ ಪ್ರಯೋಜನ ಇಲ್ಲ. ಕೈಯಿಂದ ಅಡುಗೆಗೆ ಇಳಿಯುವ ಸ್ಟೆಫಿಲೋಕಾಕಸ್‌ನ ವಿಷವೂ ಇದೇ ಜಾತಿ. ಹಾಗಂತ ಎಲ್ಲ ವಿಷವೂ ಹೀಗಲ್ಲ. ಭಯಂಕರ ಅಂತ ಹೆಸರಾದ ಬಾಟುಲಿನಂ ವಿಷ ಚೆನ್ನಾಗಿ ಕುದಿಸಿದರೆ ಹಾಳಾಗುತ್ತದೆ. ಮಳೆಗಾಲದಲ್ಲಿ ಬಾವಿ ನೀರು ಕುದಿಸಿ ಕುಡಿಯುವುದು ಪೂರ್ತಿ ಸರಿ, ಯಾಕೆಂದರೆ ಅಲ್ಲಿ ನಾವು ಹೆದರುವುದು ಟೈಫಾಯ್ಡ್, ಕಾಲರಾದಂಥ ಜೀವಂತ ಬ್ಯಾಕ್ಟೀರಿಯಾಗೆ. ಕೊಂದರೆ ಸಾಕಾಗುವ ಜಾಗ ಅದು.

ಆ ಎರಡು ಅಜಿತ್ರೋಮೈಸಿನ್

ಭಾವನ ಗೊಣಗಾಟಕ್ಕೆ ಉತ್ತರ ಈಗ ಸುಲಭ. ಆಂಟಿಬಯಾಟಿಕ್ ಹೊಡೆಯುವುದು ಮೈಯೊಳಗೆ ಬೆಳೆಯುತ್ತಿರುವ ಜೀವಂತ ಬ್ಯಾಕ್ಟೀರಿಯಾವನ್ನು. ಇವರ ಹೊಟ್ಟೆಗೆ ಹೋಗಿದ್ದು ಹುರಿದು ಸತ್ತ ಬ್ಯಾಕ್ಟೀರಿಯಾ ಮತ್ತು ಅವು ಬಿಟ್ಟುಹೋದ ರಾಸಾಯನಿಕ. ಮಾತ್ರೆ ನುಂಗಿದ್ದರೆ ಕರುಳಿನಲ್ಲಿರುವ ಬೇಕಾದ ಬ್ಯಾಕ್ಟೀರಿಯಾಗಳಿಗೆ ಏಟು ಬೀಳುತ್ತಿತ್ತು ಅಷ್ಟೇ.

ಕೌಂಟರ್ ಹಿಂದೆ ನಿಂತು ಈ ಮಾತು ಹೇಳಿ ಹೇಳಿ ನನಗೆ ಸಾಕಾಗಿದೆ. ನೆಗಡಿಗೆ ಆಂಟಿಬಯಾಟಿಕ್ ಕೊಡಿ ಅಂತ ಬರುತ್ತಾರೆ, ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಈ ಮಾತ್ರೆ ತಾಗುವುದೇ ಇಲ್ಲ. ಸಿದ್ದಾಪುರದ ಕಡೆ ಕಾಡುವ ಮಂಗನ ಕಾಯಿಲೆಯೂ ವೈರಸ್. ಗದ್ದೆ ಕೆಲಸದವರಿಗೆ ಬರುವ ಇಲಿಜ್ವರ ಬ್ಯಾಕ್ಟೀರಿಯಾದ್ದು, ಅದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು, ಬೇಗ ಬೇಕು. ಶುರುವಿನಲ್ಲಿ ಎರಡೂ ಜ್ವರ, ಎರಡೂ ಮೈಕೈ ನೋವು. ಇದು ಯಾವುದು ಅಂತ ಅಂಗಡಿಯಲ್ಲಿ ನಿಂತು ಹೇಳಲು ನನ್ನಿಂದ ಆಗುವುದಿಲ್ಲ, ಡಾಕ್ಟರೇ ನೋಡಬೇಕು. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡುವ ಮಾತ್ರೆ ಅಲ್ಲ. ಮತ್ತೆ 2014ರಿಂದ ಶೆಡ್ಯೂಲ್ ಎಚ್1 ಅನ್ನುವ ಕಟ್ಟುನಿಟ್ಟಿನ ಪಟ್ಟಿಯ ಔಷಧಿ ಕೊಟ್ಟರೆ ರೋಗಿಯ ಹೆಸರು, ಡಾಕ್ಟರ್ ಹೆಸರು, ಎಷ್ಟು ಕೊಟ್ಟೆ ಅಂತ ಪುಸ್ತಕದಲ್ಲಿ ಬರೆದಿಡಬೇಕು. ‘ನಿಮ್ಮಲ್ಲಿ ಭಾರೀ ರೂಲ್ಸು, ಪಕ್ಕದಲ್ಲಿ ಹಾಗೇ ಕೊಡ್ತಾರೆ’ ಅಂತ ಬೈದು ಹೋಗುವವರು ಇದ್ದೇ ಇದ್ದಾರೆ. ಹೋಗಲಿ.

ಅಲರ್ಜಿ ಅನ್ನುವ ಹಣೆಪಟ್ಟಿ

ಪಕ್ಕದ ಮನೆಯವರ ಮಾತು ಮಗನ ತಲೆಯಲ್ಲಿ ಕೂತುಬಿಟ್ಟಿತ್ತು. ಇನ್ನು ಜನ್ಮದಲ್ಲಿ ಮೀನು ಬೇಡ ಅಂತ ಶುರುಮಾಡಿದ. ಡಾಕ್ಟರ್ ಅವನಿಗೆ ಬಿಡಿಸಿ ಹೇಳಿದರು. ಅಲರ್ಜಿ ಮನೆಯಲ್ಲಿ ಯಾರೋ ಒಬ್ಬರಿಗೆ ಇರುವುದು, ಒಂದೇ ರಾತ್ರಿ ನಾಲ್ವರಿಗೆ ಹೊಸದಾಗಿ ಹುಟ್ಟುವುದಿಲ್ಲ. ಹುಟ್ಟಿದಾಗಿನಿಂದ ಬಂಗಡೆ ತಿಂದು ಅರಗಿಸಿಕೊಂಡವನು ನೀನು. ಆದರೂ ಕಿವಿಯಲ್ಲಿ ಹಾಕಿಕೊಳ್ಳಿ, ಒಬ್ಬರಿಗೇ ಆಗಿದ್ದರೆ, ಅಥವಾ ಐಸ್‌ನಲ್ಲಿದ್ದ ಮೀನು ತಿಂದೂ ಆಗಿದ್ದರೆ, ನಿಜವಾದ ಅಲರ್ಜಿ ಇರಬಹುದು. ಅದನ್ನು ಮನೆಯಲ್ಲಿ ತಿಂದು ಪರೀಕ್ಷೆ ಮಾಡಬೇಡಿ, ಅದರಿಂದ ಜೀವಕ್ಕೆ ಅಪಾಯ ಇದೆ. ಈ ಹುಡುಗನಿಗೆ ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಐಸ್‌ನಲ್ಲಿ ಬಂದ ಬಂಗಡೆ ಬಡಿಸಿದರು. ಏನೂ ಆಗಲಿಲ್ಲ, ಎರಡನೇ ಸಲ ಹಾಕಿಸಿಕೊಂಡ.

ಭಾವನ ಕಾರಿನಲ್ಲಿ ಈಗ ಥರ್ಮಾಕೋಲ್ ಪೆಟ್ಟಿಗೆ ಇದೆ. ಕೆಳಗೊಂದು ಪದರ ಐಸ್, ಮೇಲೆ ಮೀನು, ಅದರ ಮೇಲೆ ಮತ್ತೆ ಐಸ್, ಹೆಚ್ಚುಕಮ್ಮಿ ಮೀನಿನಷ್ಟೇ ತೂಕದ ಐಸ್. ಕಿವಿರು, ಕರುಳು ಪೇಟೆಯಲ್ಲೇ ತೆಗೆಸುತ್ತಾರೆ. ಮಸಾಲೆ ಸವರಿದ ಮೀನು ಫ್ರಿಜ್ಜಿನೊಳಗೆ. ಮದುವೆ ಊಟ ಇದ್ದ ದಿನ ಮೀನು ತರುವುದೇ ಇಲ್ಲ. ಮೀನು ಮಾರಿದವಳ ಜೊತೆ ಜಗಳ ಮಾಡುತ್ತೇನೆ ಅಂತ ಮೊದಲು ಹಾರಾಡಿದ್ದರು. ಐಸ್ ಜಾಸ್ತಿ ಹಾಕಿಸಿಕೊಳ್ಳಿ ಅಂದವಳ ಹತ್ತಿರ ಎಂತ ಜಗಳ ಮಾಡ್ತೀರಿ ಅಂತ ಅಕ್ಕ ಕೇಳಿದ ಮೇಲೆ ಸುಮ್ಮನಾದರು.

ಅತ್ತೆಯ ಮಾತ್ರೆ

ಇನ್ನು ಆ ಗಂಟು. ಒಂದೇ ತುಂಡು ತಿಂದ ಅತ್ತೆಗೆ ಯಾಕೆ ಅಷ್ಟು ಜೋರಾಯಿತು?

ಊಟದಲ್ಲಿ ಸ್ವಲ್ಪ ಹಿಸ್ಟಮಿನ್ ಬಂದರೆ ಅದನ್ನು ಒಡೆದು ಹಾಕುವ ಕಿಣ್ವಗಳು ನಮ್ಮ ಕರುಳು, ಲಿವರ್‌ಗಳಲ್ಲಿವೆ. ಟಿಬಿ ಚಿಕಿತ್ಸೆಯ ಮುಖ್ಯ ಮಾತ್ರೆಗಳಲ್ಲಿ ಒಂದಾದ ಐಸೋನಿಯಾಜಿಡ್ ಈ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಬೇರೆಯವರು ತಡೆದುಕೊಳ್ಳುವಷ್ಟು ಹಿಸ್ಟಮಿನ್ ಕೂಡ ಅವರಿಗೆ ಜಾಸ್ತಿಯಾಗುತ್ತದೆ. ಡಾಕ್ಟರ್ ಮಾತ್ರೆ ಬಗ್ಗೆ ಕೇಳಿದ್ದು ಇದಕ್ಕೇ.

ಇದನ್ನು ಕೇಳಿದ್ದೇ ತಡ ಅತ್ತೆ ಟಿಬಿ ಮಾತ್ರೆ ನಿಲ್ಲಿಸುತ್ತೇನೆ ಅಂದರು. ಕೆಮ್ಮು ಹೋಗಿದೆ, ತೂಕ ಬಂದಿದೆ, ಇನ್ನು ಯಾಕೆ ಅಂತ ಅವರ ವಾದ. ಹಿಂದಿನ ದಿನ ಬೇಡದ ಆಂಟಿಬಯಾಟಿಕ್ ಬೇಕು ಅಂತ ಭಾವನ ಹಟ, ಮರುದಿನ ಬೇಕಾದ ಆಂಟಿಬಯಾಟಿಕ್ ಬೇಡ ಅಂತ ಅವರ ತಾಯಿಯ ಹಟ. ಟಿಬಿ ಬ್ಯಾಕ್ಟೀರಿಯಾ ಬೆಳೆಯುವುದೇ ತೀರಾ ನಿಧಾನ, ದುಪ್ಪಟ್ಟಾಗಲು ಸುಮಾರು ಒಂದು ದಿನ ಬೇಕು. ಕೆಲವು ಮೈಯಲ್ಲಿ ಸುಮ್ಮನೆ ಮಲಗಿಕೊಂಡಿರುತ್ತವೆ, ಅಂಥವಕ್ಕೆ ಮಾತ್ರೆ ಬೇಗ ತಾಗುವುದಿಲ್ಲ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ ಇಟ್ಟಿರುವುದು ಅದಕ್ಕೇ. ಎರಡನೇ ತಿಂಗಳಿಗೆ ಕೆಮ್ಮು ಹೋಗುವುದು ಔಷಧಿ ಕೆಲಸ ಮಾಡುತ್ತಿದೆ ಅನ್ನುವ ಗುರುತು, ಮುಗಿಯಿತು ಅಂತ ಅಲ್ಲ. ನಡುವೆ ಬಿಟ್ಟರೆ ರೋಗ ತಿರುಗಿ ಬರಬಹುದು, ಬರುವಾಗ ಮಾತ್ರೆಗೆ ಬಗ್ಗದ ಟಿಬಿಯಾಗಿ ಬರುವ ಅಪಾಯವೂ ಇದೆ.

ಡಾಕ್ಟರ್ ಮಾತಿಗೂ, ನನ್ನ ಮಾತಿಗೂ ಅತ್ತೆ ತಲೆ ಆಡಿಸಿದ್ದು ಅಷ್ಟಕ್ಕಷ್ಟೇ. ಕೊನೆಗೆ ಒಪ್ಪಿಸಿದ್ದು ಮನೆಗೆ ಬರುವ ಆಶಾ ಕಾರ್ಯಕರ್ತೆ. ಅವಳು ದಿನಾ ಬೆಳಿಗ್ಗೆ ಫೋನ್ ಮಾಡಿ, ‘ಅಮ್ಮಾ, ಮಾತ್ರೆ ಆಯ್ತಾ?’ ಅಂತ ಕೇಳುತ್ತಿದ್ದಳು, ಆಗಿಲ್ಲ ಅಂದರೆ ಆಗುವವರೆಗೆ ಫೋನ್ ಇಡುತ್ತಿರಲಿಲ್ಲ. ಆರು ತಿಂಗಳು ಮುಗಿಯುವವರೆಗೆ ಅತ್ತೆ ಬಂಗಡೆ, ತಾರ್ಲೆ, ಟ್ಯೂನಾ ಮುಟ್ಟಬಾರದು ಅಂತ ಡಾಕ್ಟರ್ ಚೀಟಿಯಲ್ಲೇ ಬರೆದುಕೊಟ್ಟಿದ್ದರು. ಅವರು ಕೋರ್ಸ್ ಪೂರ್ತಿ ಮಾಡಿದರು. ಕೊನೆಯ ಕಫ ಪರೀಕ್ಷೆಯಲ್ಲಿ ಟಿಬಿ ಬ್ಯಾಕ್ಟೀರಿಯಾ ಕಾಣಲಿಲ್ಲ.